ಹಾಸಿಗೆಯ ಪಕ್ಕದ ಸ್ವಿಚ್

ಪುಣೆಯ ಧನಕವಡಿಯಲ್ಲಿ ಅವರಿದ್ದ ಆ ಒಂದೇ ಕೋಣೆಯ ಖೋಲಿಗೆ ಕಿಟಕಿ ಇರಲಿಲ್ಲ. ಮೂರೂ ಕಡೆ ಕಟ್ಟಡಗಳು ಎದ್ದಿದ್ದರಿಂದ ಮಧ್ಯಾಹ್ನ ಹನ್ನೆರಡಕ್ಕೂ ಒಳಗೆ ಕತ್ತಲೆಯೇ. ಅಂಬಾದಾಸ ಹಾಸಿಗೆ ಹಿಡಿಯುವವರೆಗೆ ಅದೊಂದು ತೊಂದರೆಯೆಂದು ಯಾರಿಗೂ ಅನಿಸಿರಲಿಲ್ಲ. ಬೇಕಾದಾಗ ಎದ್ದು ಹೋಗಿ ದೀಪ ಹಾಕಿಕೊಂಡರಾಯಿತು.

ಅವನು ಅಫಜಲಪುರದ ಕಡೆಯವನು. ಹತ್ತೊಂಬತ್ತನೆಯ ವಯಸ್ಸಿಗೆ ಪುಣೆಗೆ ಬಂದು ಒಂದು ವರ್ಷ ಇಟ್ಟಿಗೆ ಹೊತ್ತ. ಆಮೇಲೆ ಒಬ್ಬ ಮುದುಕ ವೈರ್‌ಮನ್ನನ ಬೆನ್ನು ಹತ್ತಿ ಕೆಲಸ ಕಲಿತ. ಮುಂದಿನ ಇಪ್ಪತ್ತೆರಡು ವರ್ಷ ಅದೇ ಕೆಲಸ. ಕಾತ್ರಜದ ಕಡೆ ಬಸ್ಸಿನಲ್ಲಿ ಹೋಗುವಾಗ ಹೆಂಡತಿ ಶಿವಕಾಂತಾಳಿಗೆ ಯಾವುದೋ ಕಟ್ಟಡ ತೋರಿಸಿ, ಅದರ ಮೂರನೆಯ ಮಜಲೆ ನನ್ನದು ಎನ್ನುತ್ತಿದ್ದ, ತಾನೇ ಕೊಂಡವನ ಹಾಗೆ. ರಾಂಜಣಗಾಂವದ ಹತ್ತಿರ ಒಂದು ಶೆಡ್ಡಿಗೆ ದೀಪ ಹಾಕುವಾಗ ಏಣಿ ಜಾರಿತು. ಕುತ್ತಿಗೆಯ ಎಲುಬಿಗೆ ಪೆಟ್ಟು. ಐದು ತಿಂಗಳು ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಅವನು ತೋಳು ಎತ್ತಬಲ್ಲವನಾಗಿದ್ದ, ಆದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಸೊಂಟದ ಕೆಳಗೆ ಯಾವ ಅರಿವೂ ಇರಲಿಲ್ಲ.

ಶಿವಕಾಂತಾ ಒಂದು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸಲು ಹೋಗತೊಡಗಿದಳು. ಬೆಳಿಗ್ಗೆ ಏಳಕ್ಕೆ ಹೋದರೆ ಬರುವುದು ಮೂರಕ್ಕೆ. ಅಷ್ಟು ಹೊತ್ತು ಅವನು ಒಬ್ಬನೇ. ದೀಪ ಹಾಕಿಟ್ಟು ಹೋದರೆ ಟ್ಯೂಬಿನ ಬೆಳಕು ನೇರ ಕಣ್ಣಿಗೆ ಬಿದ್ದು, ರಾತ್ರಿ ನೋವಿನಿಂದ ತಪ್ಪಿದ ನಿದ್ದೆ ಹಗಲೂ ಬಾರದು. ಆರಿಸಿ ಹೋದರೆ ಎಚ್ಚರಾದ ಮೇಲೆ ಅವಳು ಬರುವ ತನಕ ಕತ್ತಲೆ. ಸ್ವಿಚ್ ಇದ್ದದ್ದು ಬಾಗಿಲ ಬಳಿ, ಹಾಸಿಗೆಯಿಂದ ಎಂಟು ಹೆಜ್ಜೆ ದೂರ.

ಹಾಸಿಗೆಯ ಪಕ್ಕಕ್ಕೆ ಇನ್ನೊಂದು ಸ್ವಿಚ್ ಹಾಕಿಸೋಣ, ಯಾರನ್ನಾದರೂ ಕರೆಯುತ್ತೇನೆ ಎಂದು ಅವಳು ಅಂದಾಗ ಅಂಬಾದಾಸ ಒಪ್ಪಲಿಲ್ಲ. ತನ್ನ ಮನೆಗೆ ಪರರ ಕೈ ಬೇಡವೆಂದ. ಆಮೇಲೆ, "ನಾ ಹೇಳ್ತೀನಿ, ನೀ ಹಾಕು" ಎಂದ.

ಅವಳು ಅಲ್ಲಿಯವರೆಗೆ ಬಲ್ಬು ಬಿಟ್ಟರೆ ಬೇರೇನೂ ಮುಟ್ಟಿದವಳಲ್ಲ. ರಜೆಯಿದ್ದ ಒಂದು ಐತವಾರ ಬೆಳಿಗ್ಗೆ ಅವನ ಚೀಲ ಬಿಚ್ಚಿ, ಅವನು ಹೆಸರು ಹೇಳಿದಂತೆ ಒಂದೊಂದೇ ಸಾಮಾನು ತೆಗೆದಿಟ್ಟಳು. ಮೊದಲು ಮೇನ್ ಸ್ವಿಚ್ ಆರಿಸಿದಳು. ಬಾಗಿಲು ತೆರೆದಿಟ್ಟು, ಬ್ಯಾಟರಿ ದೀಪ ಹಿಡಿದು, ಹಳೆಯ ಸ್ವಿಚ್ಚಿನ ಡಬ್ಬಿ ಬಿಚ್ಚಿ, ತಂತಿಯಲ್ಲಿ ಕರೆಂಟ್ ಉಳಿದಿದೆಯೇ ಎಂದು ಟೆಸ್ಟರ್ ಹಚ್ಚಿ ನೋಡಿದಳು. ಅವನು ಎರಡು ಸಲ ನೋಡಿಸಿದ. ಎರಡು ಕಡೆಯಿಂದಲೂ ದೀಪ ಹತ್ತಿ ಆರಬೇಕಾದರೆ ಎರಡೂ ಸ್ವಿಚ್ಚು ಮಾಮೂಲಿನದಲ್ಲ, ಮೂರು ತೂತಿನ ಟೂ-ವೇ ತರಹದ್ದಿರಬೇಕು, ನಡುವೆ ಮೂರು ತಂತಿ ಓಡಬೇಕು ಎಂದು ವಿವರಿಸಿದ. ಬಾಗಿಲ ಬಳಿಯ ಹಳೆಯ ಸ್ವಿಚ್ಚನ್ನೂ ಬದಲಿಸಿ, ಗೋಡೆಗುಂಟ ಪ್ಲಾಸ್ಟಿಕ್ಕಿನ ಪಟ್ಟಿ ಹೊಡೆದು ಅವಳು ತಂತಿ ಎಳೆದಳು. ಹೊಸ ಸ್ವಿಚ್ ಎಷ್ಟು ಎತ್ತರಕ್ಕಿರಬೇಕೆಂದು ಅವನೇ ಮಣಿಕಟ್ಟನ್ನು ಗೋಡೆಗೆ ತಾಗಿಸಿ ತೋರಿಸಿದ.

ಮೇನ್ ಹಾಕಿದಾಗ ಹಾಸಿಗೆಯ ಸ್ವಿಚ್ಚಿನಿಂದ ದೀಪ ಹತ್ತಿತು. ಬಾಗಿಲಿನದನ್ನು ಒತ್ತಿದ ಮೇಲೆ ಹಾಸಿಗೆಯದು ಕೆಲಸ ಮಾಡಲಿಲ್ಲ. ಅವಳಿಗೆ ಅಳು ಬಂತು. ಅಂಬಾದಾಸ ಕಣ್ಣು ಮುಚ್ಚಿಕೊಂಡು ಎರಡೂ ಸ್ವಿಚ್ಚನ್ನು ತಿರುಗಿ ತಿರುಗಿ ಒತ್ತಿಸಿದ.

"ನಡುವಿನ ತೂತಿನಾಗಿನ ವೈರ್ ಬಾಜೂಕ ಹಾಕೀದಿ. ಬಾಗಿಲದಾಗಿಂದು ಬರೋಬ್ಬರಿ ಅದ, ಇದನ್ನ ಬಿಚ್ಚು."

ಮತ್ತೆ ಮೇನ್ ಆರಿಸಿ ಬಿಚ್ಚಿ ನೋಡಿದರೆ ಅವನು ಹೇಳಿದ ಹಾಗೆಯೇ ಹಾಸಿಗೆಯ ಸ್ವಿಚ್ಚಿನಲ್ಲಿ ನಡುವಿನ ತಂತಿ ಪಕ್ಕದ ತೂತಿನಲ್ಲಿತ್ತು. ಬದಲಿಸಿದಳು. ಈ ಸಲ ಎರಡೂ ಕಡೆಯಿಂದ ಹತ್ತಿತು, ಎರಡೂ ಕಡೆಯಿಂದ ಆರಿತು. ಅಂಬಾದಾಸ ಅಂಗೈಯ ಅಂಚಿನಿಂದ ಹತ್ತು ಸಲವಾದರೂ ಒತ್ತಿದ. ಆಸ್ಪತ್ರೆಯಿಂದ ಬಂದ ಮೇಲೆ ಅವನು ನಕ್ಕದ್ದನ್ನು ಅವಳು ನೋಡಿದ್ದು ಅವತ್ತೇ.

ಎರಡು ವಾರ ಚೆನ್ನಾಗಿಯೇ ಹೋಯಿತು. ಮೂರಕ್ಕೆ ಬಂದಾಗ ದೀಪ ಉರಿಯುತ್ತಿರುತ್ತಿತ್ತು. ಆಗ ಮೇಲಿನ ಮಜಲೆಯ ಇಂದೂ ಬಂದು, ತಮ್ಮ ಅತ್ತೆಯ ಹಾಸಿಗೆಗೂ ಅಂಥದೊಂದು ಹಾಕಿಕೊಡೆಂದು ಶಿವಕಾಂತಾಳನ್ನು ಕೇಳಿದಳು. ಅವಳು ಗಂಡನ ಮುಖ ನೋಡಿದಳು. ಹೋಗು, ಚೀಲ ಒಯ್ಯಿ ಎಂದ. ಅವಳು ಹೋದಳು. ಎರಡು ತಾಸಿನಲ್ಲಿ ಮುಗಿಸಿ ಬಂದು, ಒಂದೇ ಸಲಕ್ಕೆ ಸರಿ ಕೂತಿತು, ಬಿಚ್ಚುವ ಕೆಲಸವೇ ಬೀಳಲಿಲ್ಲ ಎಂದು ಉಮೇದಿಯಿಂದ ಹೇಳಿದಳು. ಅವನು ಕೇಳಿಸಿಕೊಂಡ. ಛಲೋ ಆತು ಎಂದ.

ಮರುದಿನ ಮೂರಕ್ಕೆ ಬಂದಾಗ ಖೋಲಿ ಕತ್ತಲಾಗಿತ್ತು. ಮಲಗಿರಬೇಕೆಂದುಕೊಂಡಳು. ಅದರ ಮರುದಿನವೂ ಹಾಗೆಯೇ. ಮೂರನೆಯ ದಿನ ಬಗ್ಗಿ ನೋಡಿದರೆ ಅವನ ಕಣ್ಣು ತೆರೆದೇ ಇತ್ತು. ಸ್ವಿಚ್ ಕೆಟ್ಟಿತೇನೋ ಎಂದು ಒತ್ತಿದಳು; ದೀಪ ಹತ್ತಿತು.

"ಯಾಕ್ರಿ, ಕತ್ತಲದಾಗ ಯಾಕ ಮಲಗೀರಿ?"

ಅವಳು ನೀರು ಕುಡಿಸಿ, ಮಗ್ಗಲು ಹೊರಳಿಸಿದ ಮೇಲೆ ಅವನು ಹೇಳಿದ.

"ಇಪ್ಪತ್ತೆರಡು ವರ್ಷ ಕಲ್ತದ್ದು ಒಂದ ಐತವಾರಕ್ಕ ನಿನಗ ಕೊಟ್ಟು ಮುಗೀತು. ನನ್ನ ಹಂತೇಕ ಇನ್ನೇನೂ ಉಳದಿಲ್ಲ, ಶಿವಕಾಂತಾ."

ತನಗೆ ಇನ್ನೂ ಏನೂ ಬರುವುದಿಲ್ಲ, ನೀವು ಹೇಳದಿದ್ದರೆ ಕೈ ನಡುಗುತ್ತದೆ ಎಂದು ಅವಳು ಹೇಳಿದಳು. ಸುಳ್ಳು ಹೇಳಬೇಡವೆಂದ. ಅದು ಸುಳ್ಳೇ ಆಗಿತ್ತು. ಇಂದೂಳ ಮನೆಯಲ್ಲಿ ಅವಳ ಕೈ ನಡುಗಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು.

ಅವನ ಮನಸ್ಸು ತಿರುಗಲಿ ಎಂದು ಅವಳು ಒಂದು ಉಪಾಯ ಮಾಡಿದಳು. ಇಂದೂಳ ಮನೆಯ ಫ್ಯಾನು ಕೆಟ್ಟಾಗ, ನನಗೆ ತಿಳಿಯದು, ನೀನೇ ಬಂದು ಅವರನ್ನು ಕೇಳು ಎಂದಳು. ಇಂದೂ ಬಂದು ಹಾಸಿಗೆಯ ಬಳಿ ನಿಂತು ಮರಾಠಿಯಲ್ಲಿ ಎಲ್ಲವನ್ನೂ ವಿವರಿಸಿದಳು. ಫ್ಯಾನು ತಿರುಗುವಾಗ ಎಂಥ ಸದ್ದು, ಯಾವಾಗ ನಿಲ್ಲುತ್ತದೆ, ಹೀಗೆ. ಅಂಬಾದಾಸ ಗೋಡೆಯ ಕಡೆ ಮುಖ ತಿರುಗಿಸಿ, "ತಿಲಾ ವಿಚಾರಾ" ಎಂದ, ಅವಳನ್ನೇ ಕೇಳಿ ಎಂದು.

ಇಂದೂ ಬೇರೆ ವೈರ್‌ಮನ್ನನನ್ನು ಕರೆಸಿದಳು. ಅವನು ಮೇಲೆ ಸ್ಟೂಲು ಎಳೆಯುವುದು, ಜೋರಾಗಿ ಏನೋ ಕೇಳುವುದು ಕೆಳಗಿನ ಖೋಲಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅಂಬಾದಾಸ ಬಾಗಿಲು ಮುಚ್ಚೆಂದ. ಮುಚ್ಚಿದಳು. ದೀಪವನ್ನೂ ಆರಿಸೆಂದ. ಅವಳು ಸ್ವಲ್ಪ ಹೊತ್ತು ನಿಂತಳು, ಆಮೇಲೆ ಆರಿಸಿ, ನೆಲದ ಮೇಲೆ ಅವನ ಹಾಸಿಗೆಗೆ ಒರಗಿ ಕೂತಳು.