ಸ್ವಿಚ್ಚಕ್ಕ ಕೈಕಟ್ಟಿ ನಿಂತ ಬೆಳಗು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಮೂರು ಫೋನುಗಳು ಸಾಲಾಗಿ ಮಲಗಿವೆ. ಒಂದು ಹೊಸದು, ಒಂದರ ಗಾಜು ಬಿರುಕು ಬಿಟ್ಟಿದೆ, ಇನ್ನೊಂದು ಯಾವ ಕಾಲದ್ದೋ ಏನೋ, ಬೆನ್ನಿಗೆ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಹೇಗೋ ಬದುಕಿಕೊಂಡಿದೆ. ಅವುಗಳ ಮುಂದೆ ಕೆದರಿದ ಜಡೆಯ ಹೆಂಗಸೊಬ್ಬರು ಮುಖ ಕೂಡ ತೊಳೆಯದೆ, ಆಕಳಿಸುತ್ತ ನಿಂತಿದ್ದಾರೆ. ಪಕ್ಕದಲ್ಲಿ ಸಣ್ಣ ಉರಿಯ ಮೇಲೆ ಹಾಲಿದೆ. ಹಾಲಿನ ಕಾವಲಿಗೆ ಕುರ್ಚಿ ಹಾಕಿಕೊಂಡು ಅವರ ಅತ್ತೆ ಕೂತಿದ್ದಾರೆ.

“ಮುಖ ತೊಳ್ಕೊಂಡು ಬಾರೇ ಮೊದಲು” ಎನ್ನುತ್ತಾರೆ ಅತ್ತೆ.

“ತೊಳೆದ್ರೆ ನಿದ್ದೆ ಹೋಗ್ಬಿಡುತ್ತಲ್ಲ ಅತ್ತೆ! ನಿದ್ದೆಗಣ್ಣಲ್ಲಿ ಈ ಮೂರು ಫೋನಿನ ಪರದೆಯೂ ನನಗೆ ಅರ್ಥ ಆದ್ರೆ ಮಾತ್ರ ಅದು ಎಲ್ಲರಿಗೂ ಅರ್ಥ ಆಗೋದು.”

ಕಚೇರಿಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಸ್ವಿಚ್ಚಕ್ಕ ಎಂದೇ. ಫೋನಿನಲ್ಲಿ ನಾವು ಅಕ್ಷರ ಒತ್ತುತ್ತೇವಲ್ಲ, ಆ ಕೀಲಿಮಣೆಯ ಆ್ಯಪ್ ಮಾಡುವ ಚಿಕ್ಕದೊಂದು ಕಂಪನಿ ಅವರದು. ಕೀಲಿಮಣೆಗೆ ಬಣ್ಣ ಬಳಿಯುವವರು ಬೇರೆ, ನಗುವ ಅಳುವ ಮುಖಗಳನ್ನು ಬರೆಯುವವರು ಬೇರೆ. ಸ್ವಿಚ್ಚಕ್ಕನ ಪಾಲಿಗೆ ಬಂದಿರುವುದು ಸೆಟ್ಟಿಂಗ್ಸ್. ಸದ್ದು ಬೇಕೋ ಬೇಡವೋ, ಅಕ್ಷರ ದಪ್ಪವೋ ಸಣ್ಣವೋ, ಒತ್ತಿದಾಗ ಫೋನು ಗುಂಯ್ ಎನ್ನಬೇಕೋ ಸುಮ್ಮನಿರಬೇಕೋ, ಇವನ್ನೆಲ್ಲ ತೀರ್ಮಾನಿಸುವ ಸ್ವಿಚ್ಚುಗಳಿರುವ ಆ ಉದ್ದನೆಯ ಪರದೆಯನ್ನು ಕಟ್ಟುವುದೇ ಅವರ ಕೆಲಸ. ಅದನ್ನು ಹೊಗಳಿದವರನ್ನು ಅವರು ಇದುವರೆಗೆ ಕಂಡಿಲ್ಲ. ಬೈದವರು ಬೇಕಾದಷ್ಟು ಜನ ಸಿಕ್ಕಿದ್ದಾರೆ.

“ಸೆಟ್ಟಿಂಗ್ಸಿಗೆ ಯಾರೂ ಖುಷಿಯಾಗಿ ಬರಲ್ಲ ನೋಡಿ. ಏನೋ ಕೆಟ್ಟಿದೆ ಅಂತ ಸಿಟ್ಟಲ್ಲಿ ಬರ್ತಾರೆ. ಸಿಟ್ಟಲ್ಲಿ ಬಂದೋರಿಗೆ ಬಾಗಿಲು ತೆಗೆದು ಕೂರಿಸೋ ಕೆಲಸ ನಂದು” ಎಂದು ನಗುತ್ತಾರೆ.

ಈ ಕೆಲಸಕ್ಕೆ ಅವರು ಬಂದದ್ದೂ ಬೈಗುಳದ ದಾರಿಯಲ್ಲೇ. ಮೊದಲು ಅದೇ ಕಂಪನಿಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಗ್ರಾಹಕರ ದೂರು ಕೇಳುವ ಕುರ್ಚಿಯಲ್ಲಿದ್ದರು. ‘ಟಕಟಕ ಸದ್ದು ನಿಲ್ಸೋದು ಹೇಗಮ್ಮಾ, ಮಗು ಎದ್ದುಬಿಡುತ್ತೆ’ ಎಂದು ಪಿಸುಗುಟ್ಟುವ ತಾಯಂದಿರು, ‘ನನ್ನ ಅಕ್ಷರ ಎಲ್ಲಿ ಹೋಯ್ತ್ರೀ’ ಎಂದು ಗುಡುಗುವ ಹಿರಿಯರು. ಮೇಲೆ ಒತ್ತಿ, ಕೆಳಗೆ ಜಾರಿಸಿ, ಅಯ್ಯೋ ಅದಲ್ಲ, ಹಿಂದೆ ಬನ್ನಿ ಎಂದು ಹೇಳಿ ಹೇಳಿ ಗಂಟಲು ಒಣಗಿದ ಮೇಲೆ, ದಾರಿ ಹೇಳುವುದಕ್ಕಿಂತ ದಾರಿಯನ್ನೇ ನೆಟ್ಟಗೆ ಮಾಡುವುದು ಸುಲಭ ಎನ್ನಿಸಿತಂತೆ. ಮದುವೆಯಾದ ಹೊಸತರಲ್ಲಿ, ಬಿಡುವಾದಾಗಲೆಲ್ಲ ಕೂತು ಪರದೆ ಕಟ್ಟುವ ವಿದ್ಯೆ ಕಲಿತರು. “ಹೊಸ ಮದುಮಗಳು ಕನ್ನಡಿ ನೋಡ್ಕೋತಾಳೆ ಅಂದ್ಕೊಂಡ್ರೆ ಇವಳು ಕಂಪ್ಯೂಟರ್ ನೋಡ್ಕೋತಿದ್ಲು” ಎಂದು ಅತ್ತೆ ಇವತ್ತಿಗೂ ಹಂಗಿಸುತ್ತಾರೆ.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಗಂಡನಿಗೂ ಈ ಕೆಲಸದಲ್ಲಿ ಒಂದು ಪಾತ್ರವಿದೆ. ಅವರು ಗಡ್ಡ ಹೆರೆದುಕೊಳ್ಳುವಾಗ ಸ್ವಿಚ್ಚಕ್ಕ ಬಾಗಿಲಲ್ಲಿ ನಿಂತು ಹೊಸ ಸ್ವಿಚ್ಚಿನ ಪಕ್ಕದ ಸಾಲನ್ನು ಓದಿ ಹೇಳುತ್ತಾರೆ. ನೊರೆಯೊಳಗಿಂದ “ಅಂದ್ರೆ?” ಎಂಬ ಪ್ರಶ್ನೆ ಬಂತೋ, ಆ ಸಾಲಿನ ಕಥೆ ಮುಗಿಯಿತು. ಕಚೇರಿಗೆ ಹೋಗಿ ಅಳಿಸಿ ಬೇರೆ ಬರೆಯುತ್ತಾರೆ.

ಇನ್ನೊಂದು ಪದ್ಧತಿಯನ್ನು ಅವರು ವ್ರತದಂತೆ ಪಾಲಿಸುತ್ತಾರೆ. ಹೊಸ ಪರದೆಯನ್ನು ಯಾರ ಕೈಗಾದರೂ ಕೊಟ್ಟರೆಂದರೆ, ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡುಬಿಡುತ್ತಾರೆ. ಎದುರಿಗಿರುವವರು ಎಷ್ಟೇ ತಡವರಿಸಲಿ, ‘ಅಲ್ಲಿ ಒತ್ತಿ’ ಎನ್ನುವಂತಿಲ್ಲ. ನಾವು ತೋರಿಸಿಕೊಟ್ಟರೆ ನಮ್ಮ ತಪ್ಪು ನಮಗೆ ಕಾಣುವುದಿಲ್ಲ ಎಂಬುದು ಅವರ ವಾದ.

ಇಷ್ಟೆಲ್ಲ ಎಚ್ಚರವಿದ್ದರೂ ದೀಪದ ಬುಡದಲ್ಲಿ ಕತ್ತಲೆ ಇದ್ದೇ ಇರುತ್ತದಲ್ಲ.

ದೂರು ಕೇಳುವ ಕಾಲದಲ್ಲೇ ಕೈನಡುಕ ಇರುವ ಕೆಲವರು ಅವರ ಮನಸ್ಸಿನಲ್ಲಿ ಉಳಿದುಬಿಟ್ಟಿದ್ದರು. ಬೆರಳು ನಡುಗಿದರೆ ಒಂದು ಸಲ ಒತ್ತಿದ ಅಕ್ಷರ ನಾಲ್ಕು ಸಲ ಬೀಳುತ್ತದೆ, ‘ಬಾ’ ಎಂದು ಬರೆಯಹೋದರೆ ‘ಬಬಬಬಾ’ ಆಗುತ್ತದೆ. ಅಂಥವರಿಗಾಗಿ ಸ್ವಿಚ್ಚಕ್ಕ ಹಟ ಹಿಡಿದು ಒಂದು ಸೆಟ್ಟಿಂಗ್ ಮಾಡಿಸಿದರು. ಒಂದು ಅಕ್ಷರ ಬಿದ್ದ ಮೇಲೆ ಬೆರಳು ಅಲ್ಲೇ ಕುಣಿದಾಡಿದರೆ ಕೀಲಿಮಣೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೀಲಿಮಣೆ ಎಷ್ಟು ಹೊತ್ತು ಹಾಗೆ ಸುಮ್ಮನಿರಬೇಕು ಎಂಬುದನ್ನು ಹೆಚ್ಚುಕಡಿಮೆ ಮಾಡಲು ಒಂದು ಗೆರೆ, ಗೆರೆಯ ಮೇಲೆ ಬೆರಳಿನಿಂದ ಎಳೆಯುವ ಪುಟ್ಟ ಚುಕ್ಕೆ. ನೋಡಲು ಮುದ್ದಾಗಿತ್ತು.

ಆದರೆ ಅದನ್ನು ಬಳಸಿದವರೇ ಇಲ್ಲ. ಕಳೆದ ತಿಂಗಳು ತಂಡದ ಮುಖ್ಯಸ್ಥರು ಪರದೆಯ ಕಸ ಗುಡಿಸಲು ಕೂತರು. ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯ ಹುಡುಗ, ಅವರ ಮಾತಿನಲ್ಲೂ ತಪ್ಪಿರಲಿಲ್ಲ. “ಯಾರೂ ಮುಟ್ಟಿಲ್ಲ ಅಕ್ಕ. ಮಾರಾಟ ಆಗದ ಸರಕು ಕಪಾಟಲ್ಲಿಟ್ಕೊಂಡು ಏನ್ ಮಾಡೋಣ? ತೆಗೆದುಬಿಡಿ” ಎಂದರು. ಹಟ ಹಿಡಿದು ಮಾಡಿಸಿದವರು ಸ್ವಿಚ್ಚಕ್ಕನೇ. ಆದರೂ ಹೂಂ ಅಂದರು.

ಅದೇ ವಾರ ಮನೆಯಲ್ಲಿ ಇನ್ನೊಂದು ವಿಷಯ ಬಯಲಿಗೆ ಬಿತ್ತು. ಅತ್ತೆಗೆ ಒಬ್ಬ ತಂಗಿಯಿದ್ದಾರೆ, ದೂರದ ಊರಿನಲ್ಲಿ. ಆಕೆಗೆ ಕಿವಿ ಪೂರ್ತಿ ಹೋಗಿ ಬಹಳ ಕಾಲವಾಯಿತು. ಹೀಗಾಗಿ ಅಕ್ಕತಂಗಿಯರ ಮಾತುಕತೆಯೆಲ್ಲ ಫೋನಿನಲ್ಲಿ ಬರೆದೇ ನಡೆಯಬೇಕು. ಬೆಳಗಾದರೆ ಇಬ್ಬರೂ ಶುರು. ಅರ್ಧ ಕ್ಷೇಮಸಮಾಚಾರ, ಅರ್ಧ ಜಗಳ. ಕೆಲವು ವಾರಗಳಿಂದ ಅತ್ತೆ ಫೋನು ಮುಟ್ಟುತ್ತಿರಲಿಲ್ಲ. ಕೇಳಿದರೆ “ಬರೆಯೋಕೆ ಏನಿದೆ ಮಣ್ಣು” ಎಂಬ ಉತ್ತರ. ಒಂದು ದಿನ ಮೇಜಿನ ಮೇಲಿದ್ದ ಫೋನು ಮಿನುಗಿದಾಗ ತಂಗಿಯ ಸಂದೇಶ ಸೊಸೆಯ ಕಣ್ಣಿಗೆ ಬಿತ್ತು: ‘ಅಕ್ಕಾ, ಯಾಕೆ ಮಾತಿಲ್ಲ? ನಾನೇನು ತಪ್ಪು ಮಾಡಿದೆ?’

ಸೊಸೆ ಅತ್ತೆಯ ಪಕ್ಕ ಹೋಗಿ ಕೂತರು. ಬಿಡದೆ ಕೇಳಿದ್ದಕ್ಕೆ ಅತ್ತೆ ಕೈ ಮುಂದೆ ಚಾಚಿ ತೋರಿಸಿದರು. ಬೆರಳುಗಳು ತಮ್ಮ ಪಾಡಿಗೆ ತಾವು ಅದುರುತ್ತಿದ್ದವು. “ನನ್ನ ಮಾತು ಕೇಳಲ್ಲ ಕಣೇ ಇವು. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಇಷ್ಟೇ ಕಮ್ಮಿ ಆಗೋದಂತೆ. ಬರೆದದ್ದು ನೋಡಿದ್ರೆ ನನಗೇ ನಾಚಿಕೆ. ಅವಳು ಹೆದರ್ಕೊಂಡಾಳು ಅಂತ ಸುಮ್ಮನಾದೆ.”

ಬಾಯಲ್ಲಿ ಹೇಳಿದರೆ ಫೋನು ತಾನೇ ಬರೆಯುತ್ತದಲ್ಲ ಎಂದದ್ದಕ್ಕೆ ಸಿಕ್ಕ ಉತ್ತರ ಇದು: “ನಿನ್ನ ಮೇಲೆ ಚಾಡಿ ಹೇಳೋದನ್ನ ನಿನ್ನೆದುರೇ ಕೂಗಿ ಹೇಳಲಾ?”

ಸ್ವಿಚ್ಚಕ್ಕ ಹಿಗ್ಗಿನಿಂದ ತಾವು ಮಾಡಿದ್ದ ಆ ಸೆಟ್ಟಿಂಗ್ ತೆರೆದು ಫೋನನ್ನು ಅತ್ತೆಯ ಕೈಗಿಟ್ಟು, ಪದ್ಧತಿಯಂತೆ ಕೈ ಹಿಂದೆ ಕಟ್ಟಿ ನಿಂತರು. ಅತ್ತೆ ಪುಟ್ಟ ಚುಕ್ಕೆಯ ಮೇಲೆ ಬೆರಳಿಟ್ಟರು. ಚುಕ್ಕೆ ಒಮ್ಮೆ ಆ ತುದಿಗೆ ಹಾರಿತು, ಒಮ್ಮೆ ಈ ತುದಿಗೆ. ಹಿಡಿಯಹೋದರೆ ಕೆಳಗಿನ ಇನ್ಯಾವುದೋ ಸ್ವಿಚ್ಚು ಆರಿಹೋಯಿತು. ಅತ್ತೆ ಫೋನು ಕೆಳಗಿಟ್ಟು ಸೊಸೆಯ ಮುಖ ನೋಡಿದರು.

“ಇದನ್ನ ಕೈ ನಡುಗೋರಿಗೆ ಅಂತ ಮಾಡಿದ್ದೋ, ನಡುಗದೋರಿಗೋ?”

“ಕಪಾಳಕ್ಕೆ ಹೊಡೆದ ಹಾಗಾಯ್ತು” ಎಂದು ನೆನೆಯುತ್ತಾರೆ ಸ್ವಿಚ್ಚಕ್ಕ. “ಕುಂಟೋರಿಗೆ ಅಂತ ಕೋಲು ಮಾಡಿ ಅಟ್ಟದ ಮೇಲಿಟ್ಟಿದ್ದೆ ನಾನು. ಯಾರೂ ಬಳಸ್ತಿಲ್ಲ ಅಂದ್ರೆ ಯಾರಿಗೂ ಬೇಡ ಅಂತ ಅಂದ್ಕೊಂಡ್ವಿ. ಬೇಕಾಗಿದ್ದೋರ ಕೈಗೆ ಅದು ಎಟುಕಿರಲೇ ಇಲ್ಲ.”

ಮರುದಿನ ಮುಖ್ಯಸ್ಥರ ಕೈಗೆ ಫೋನು ಕೊಟ್ಟು, ಚುಕ್ಕೆಯನ್ನು ನಡುವೆ ತಂದು ನಿಲ್ಲಿಸಿ ಎಂದರು. ಅವರು ಎಳೆಯತೊಡಗಿದ್ದೇ ತಡ, ಅವರ ಮೊಣಕೈ ಹಿಡಿದು ಗಡಗಡ ಅಲುಗಾಡಿಸಿದರು. ಇಡೀ ಕಚೇರಿ ನಕ್ಕಿತು, ಮುಖ್ಯಸ್ಥರು ನಗಲಿಲ್ಲ. ಆ್ಯಪಿನ ಮುಂದಿನ ಹೊಸ ಆವೃತ್ತಿ ಹೊರಡುವವರೆಗೆ ಸಮಯ ಕೊಟ್ಟರು. ಆದರೆ ಒಂದು ಷರತ್ತು: ನಡುಗುವ ಕೈಯವರು ಒಬ್ಬರಾದರೂ, ಯಾರ ನೆರವೂ ಇಲ್ಲದೆ ಅದನ್ನು ತಾವೇ ಹೊಂದಿಸಿಕೊಳ್ಳಬೇಕು. ಆಗದಿದ್ದರೆ ಸೆಟ್ಟಿಂಗ್ ತೆಗೆಯುವುದೇ ಸರಿ.

ಆ ಆವೃತ್ತಿ ಹೊರಡುವುದು ಇವತ್ತು. ಅದಕ್ಕೇ ಇಷ್ಟು ಬೆಳಗ್ಗೆ ಈ ಅಡುಗೆಮನೆಯಲ್ಲಿ ದೀಪ.

ಗೆರೆಯೂ ಇಲ್ಲ, ಚುಕ್ಕೆಯೂ ಇಲ್ಲ. ಪರದೆಯ ತುಂಬ ಮೂರೇ ಮೂರು ದಪ್ಪ ಗುಂಡಿಗಳು: ಸ್ವಲ್ಪ ನಡುಕ, ನಡುಕ, ತುಂಬಾ ನಡುಕ. ಒಂದು ಗುಂಡಿ ಒತ್ತಿದ ಮೇಲೆ ಬೆರಳು ಎಷ್ಟು ಕುಣಿದರೂ ಇನ್ನೊಂದು ಸಲ ಒತ್ತಿದಂತಾಗುವುದಿಲ್ಲ. ಸ್ವಿಚ್ಚಕ್ಕ ಫೋನನ್ನು ಅತ್ತೆಯ ಮುಂದಿಟ್ಟು ಹಿಂದೆ ಸರಿಯುತ್ತಾರೆ.

“ಹಾಲು ನಾನು ನೋಡ್ಕೋತೀನಿ, ನೀವು ಇದನ್ನ ನೋಡಿ.”

“ಹಾಲಿನ ಉಸಾಬರಿ ನಿನಗೆ ಬೇಡ. ಹುಟ್ಟಿದಾಗಿಂದ ಒಂದು ಹನಿ ಉಕ್ಕಿಸಿದೋಳಲ್ಲ ನಾನು.”

ಅತ್ತೆಯ ತೋರುಬೆರಳು ಗಾಳಿಯಲ್ಲಿ ಅದುರುತ್ತ ಇಳಿಯುತ್ತದೆ. ತಪ್ಪಿ ಖಾಲಿ ಜಾಗದ ಮೇಲೆ ಬೀಳುತ್ತದೆ. ಏನೂ ಆಗುವುದಿಲ್ಲ. ಬೆನ್ನ ಹಿಂದೆ ಸ್ವಿಚ್ಚಕ್ಕನ ಬೆರಳುಗಳು ಒಂದನ್ನೊಂದು ಹಿಸುಕುತ್ತಿವೆ, ಒಂದು ಸಲ, ಒಂದೇ ಒಂದು ಸಲ ಆ ಕೈ ಹಿಡಿದು ಒತ್ತಿಸಿಬಿಡಬಾರದೇ ಎಂದು. ಆದರೂ ಕಟ್ಟಿದ ಕೈ ಬಿಚ್ಚುವುದಿಲ್ಲ. ಅತ್ತೆ ಉಸಿರು ಬಿಗಿಹಿಡಿದು ಮತ್ತೆ ಬೆರಳಿಳಿಸುತ್ತಾರೆ. ‘ತುಂಬಾ ನಡುಕ’ ಹಸಿರಾಗುತ್ತದೆ. ಬೆರಳು ಅದರ ಮೇಲೆ ಇನ್ನೂ ಕುಣಿಯುತ್ತಿದೆ, ಗುಂಡಿ ಮಾತ್ರ ಮಿಸುಕುವುದಿಲ್ಲ.

“ಆಯ್ತಾ?”

“ನೀವೇ ಬರೆದು ನೋಡಿ.”

ಅತ್ತೆ ಕನ್ನಡಕ ಏರಿಸಿಕೊಂಡು ತಂಗಿಯ ಹೆಸರು ತೆರೆಯುತ್ತಾರೆ. ಒಂದು ಅಕ್ಷರ ಒಂದೇ ಅಕ್ಷರವಾಗಿ ಬೀಳುತ್ತದೆ. ಇನ್ನೊಂದು. ತಡವಾಗಿ, ಆದರೆ ನೆಟ್ಟಗೆ. ‘ಸಿಟ್ಟೂ ಇಲ್ಲ ಗಿಟ್ಟೂ ಇಲ್ಲ. ನೀನು ತಗೊಂಡು ಹೋದ ನನ್ನ ಸ್ಟೀಲ್ ಡಬ್ಬ ಎಲ್ಲಿ?’

ಇಷ್ಟು ಬೆಳಗ್ಗೆಯೇ ಆ ಊರಿನಲ್ಲೂ ಯಾರೋ ಫೋನು ಕೈಯಲ್ಲೇ ಹಿಡಿದು ಕಾಯುತ್ತಿದ್ದಿರಬೇಕು. ಉತ್ತರ ತಕ್ಷಣ ಬರುತ್ತದೆ: ‘ಬದುಕಿದ್ದೀಯಾ ಮಹಾರಾಯ್ತಿ! ಡಬ್ಬ ನನ್ನದು.’

“ನನ್ನದಂತೆ! ಎಷ್ಟು ಕೊಬ್ಬು ನೋಡು ಇವಳಿಗೆ!” ಅತ್ತೆಯ ಕಣ್ಣಲ್ಲಿ ನೀರು, ಬೆರಳು ಆಗಲೇ ಮುಂದಿನ ಸಾಲಿನಲ್ಲಿ.

ಮುಖ್ಯಸ್ಥರಿಗೆ ತಿಳಿಸುವುದಿನ್ನೂ ಬಾಕಿ ಇದೆ. ಯಾರು ಬಳಸಿದರು, ಎಷ್ಟು ಸಲ ಬಳಸಿದರು ಎಂದು ಅವರು ಮುಂದೆಯೂ ಕೇಳುತ್ತಾರೆ. ಸ್ವಿಚ್ಚಕ್ಕನ ಆಸೆ ಅದಕ್ಕೆ ತಿರುಗುಮುರುಗು. “ನನ್ನ ಪರದೆಗೆ ಒಂದು ಸಲ ಬರಲಿ, ಕೆಲಸ ಮುಗಿಸ್ಕೊಂಡು ಹೋಗಲಿ. ಮತ್ತೆ ಬರೋ ಹಾಗಾಗದೆ ಇರಲಿ. ಅಷ್ಟು ಸಾಕಪ್ಪ ನನಗೆ.”

ಅಷ್ಟರಲ್ಲಿ ಒಲೆಯ ಮೇಲೆ ಚುಂಯ್ ಎಂಬ ಸದ್ದು.

“ಅತ್ತೆ, ಹಾಲು!”

“ಇರೇ, ಇವಳಿಗೊಂದು ಉತ್ತರ ಕೊಟ್ಟು ಬರ್ತೀನಿ.”

ಸ್ವಿಚ್ಚಕ್ಕ ಬೆನ್ನ ಹಿಂದಿನ ಕೈ ಬಿಚ್ಚಿ, ಒಲೆ ಆರಿಸಿ, ಬಟ್ಟೆ ಕೈಗೆತ್ತಿಕೊಳ್ಳುತ್ತಾರೆ. “ನೀವು ಬರೀರಿ ಅತ್ತೆ, ಬರೀರಿ” ಎನ್ನುತ್ತ ಉಕ್ಕಿದ ಹಾಲನ್ನು ಒರೆಸತೊಡಗುತ್ತಾರೆ.