ಪಿಂಚಣಿ ನಿಧಿಗೆ ಟ್ರಸ್ಟಿಯಾದ ಬಾಯ್ಲರಣ್ಣ

ಕಾಗದದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಬಾಯ್ಲರಣ್ಣ ಎಂದೇ ಕರೆಯುತ್ತಿದ್ದರು. ತಂದೆತಾಯಿ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು, ಅಲ್ಲೂ ಒಂದಕ್ಷರ ತಪ್ಪಾಗಿ. ಇಪ್ಪತ್ತೊಂಬತ್ತು ವರ್ಷ ಆ ಸದ್ದಿನಲ್ಲಿ ನಿಂತು ಅವನ ಎಡಗಿವಿ ಮಂದವಾಗಿತ್ತು. ಹಾಗಾಗಿ ಗುಟ್ಟಿನ ಮಾತನ್ನೂ ಅವನು ಓಣಿಗೆಲ್ಲ ಕೇಳುವಂತೆ ಆಡುತ್ತಿದ್ದ. ಅವನ ಹೆಂಡತಿ ಅವನಿಗೆ ತಿಳಿಯಬೇಕಾದ್ದನ್ನು ಬಲಗಿವಿಗೆ ಹೇಳುತ್ತಿದ್ದಳು, ತಿಳಿಯಬಾರದ್ದನ್ನು ಎಡಗಿವಿಗೆ. ಸಂಸಾರ ಸುಗಮವಾಗಿ ನಡೆದಿತ್ತು.

ನಿವೃತ್ತಿಗೆ ಹದಿನಾಲ್ಕು ತಿಂಗಳು ಇರುವಾಗ ಅವನಿಗೊಂದು ಗೌರವ ಬಂದು ತಗುಲಿಕೊಂಡಿತು. ಕಾರ್ಮಿಕರ ಸಂಬಳದಲ್ಲಿ ಹಿಡಿದ ಹಣಕ್ಕೆ ಕಂಪನಿ ತನ್ನ ಪಾಲು ಸೇರಿಸಿ ನಡೆಸುವ ಪಿಂಚಣಿ ನಿಧಿಯೊಂದಿತ್ತು. ಅದಕ್ಕೆ ಐವರು ಟ್ರಸ್ಟಿಗಳು. ನಾಲ್ವರು ಕಂಪನಿಯ ಕಡೆಯವರು, ಒಬ್ಬ ಕಾರ್ಮಿಕರ ಕಡೆಯವನು. ಎರಡೂ ಕಡೆಗೆ ಸಮಾನ ನ್ಯಾಯ. ಆ ಒಬ್ಬನ ಜಾಗ ಖಾಲಿಯಾದಾಗ ಯೂನಿಯನ್ ಸಭೆ ಸೇರಿತು. ಟ್ರಸ್ಟಿಗಳು ಸೇರುವುದು ರಜೆಯ ದಿನ, ಅದಕ್ಕೆ ಭತ್ಯೆಯೂ ಇಲ್ಲ ಎಂದು ತಿಳಿದ ಮೇಲೆ, ಹಾಜರಿದ್ದ ನೂರೆಂಬತ್ತು ಜನರೂ ತಮಗೆ ಅಂಥ ದೊಡ್ಡ ಹುದ್ದೆಯ ಅರ್ಹತೆ ಇಲ್ಲವೆಂದು ವಿನಯದಿಂದ ಒಪ್ಪಿಕೊಂಡರು. ಬಾಯ್ಲರಣ್ಣ ಮಾತ್ರ ಸಭೆಗೆ ಬಂದಿರಲಿಲ್ಲ; ವಾಲ್ವ್ ಒಂದು ಸೋರುತ್ತಿತ್ತು. ಅವನು ಸರ್ವಾನುಮತದಿಂದ ಆಯ್ಕೆಯಾದ.

ಸುದ್ದಿ ಕೇಳಿ ಅವನು ಯೂನಿಯನ್ ಅಧ್ಯಕ್ಷರ ಹತ್ತಿರ ಓಡಿದ.

"ನಂಗೆ ಅದೆಲ್ಲ ಏನು ಗೊತ್ತು ಸಾರ್?"

"ಏನೂ ಗೊತ್ತಿರಬೇಕಾಗಿಲ್ಲ," ಎಂದರು ಅಧ್ಯಕ್ಷರು. "ತೋರಿಸಿದ ಕಡೆ ಸಹಿ ಹಾಕು, ಕೊಟ್ಟ ಬಿಸ್ಕತ್ತು ತಿನ್ನು. ಹಿಂದಿನವನು ಹನ್ನೊಂದು ವರ್ಷ ಅಷ್ಟೇ ಮಾಡಿದ್ದು. ಒಂದಿನಾನಾದ್ರೂ ತೊಂದ್ರೆ ಅಂತ ಬಂದ್ನಾ?"

ಮೊದಲ ಸಭೆ ನಡೆದ ಕೋಣೆ ಎಷ್ಟು ತಣ್ಣಗಿತ್ತೆಂದರೆ, ಜೀವಮಾನವೆಲ್ಲ ಬೆಂಕಿಯ ಮುಂದೆ ನಿಂತವನಿಗೆ ಹಲ್ಲು ಕಟಕಟ ಎಂದಿತು. ನಿಧಿಯ ಮ್ಯಾನೇಜರ್ ನಗುಮುಖದ ಮನುಷ್ಯ. ಅವರು ಎಲ್ಲರ ಮುಂದೆಯೂ ಒಂದೊಂದು ಹೊಳೆಯುವ ವರದಿ ಇಟ್ಟರು. ಬಾಯ್ಲರಣ್ಣ ಹಾಳೆಯನ್ನು ಹೆಬ್ಬೆರಳಲ್ಲಿ ಸವರಿ ನೋಡಿದ. ಅದು ತಮ್ಮ ಕಾರ್ಖಾನೆಯ ಕಾಗದವಾಗಿರಲಿಲ್ಲ. ನಿಧಿಗೆ ಇನ್ನೂ ಒಳ್ಳೆಯ ಕಾಗದ ಬೇಕಾಗಿತ್ತೇನೋ. ಒಳಗೆ ಕಳೆದ ಆರು ವರ್ಷಗಳ ಬೆಳವಣಿಗೆ ಬರೆದಿತ್ತು: ಪ್ರತಿ ವರ್ಷವೂ ಎಂಟು ಪರ್ಸೆಂಟ್. ಒಂದು ವರ್ಷ ಏಳೂಮುಕ್ಕಾಲಿಲ್ಲ, ಇನ್ನೊಂದು ವರ್ಷ ಎಂಟೂಕಾಲಿಲ್ಲ.

"ಸಾರ್, ಒಂದು ಮಾತು," ಎಂದ ಬಾಯ್ಲರಣ್ಣ. ಕೋಣೆಯ ಗಾಜುಗಳು ಅದುರಿದವು. "ನಮ್ಮ ಬಾಯ್ಲರ್‌ಗೆ ಒತ್ತಡ ತೋರ್ಸೋ ಮೀಟರ್ ಇರುತ್ತೆ. ಅದರ ಮುಳ್ಳು ಯಾವಾಗ್ಲೂ ಸ್ವಲ್ಪ ಅಲ್ಲಾಡ್ತಾ ಇರ್ಬೇಕು. ಬೆಳಗ್ಗಿಂದ ಸಂಜೆವರೆಗೂ ಒಂದೇ ಕಡೆ ನಿಂತಿದ್ರೆ ಮೀಟರ್ ಕೆಟ್ಟಿದೆ ಅಂತ ಲೆಕ್ಕ."

ನಾಲ್ವರು ಟ್ರಸ್ಟಿಗಳೂ ನಕ್ಕರು. ಮ್ಯಾನೇಜರ್ ಎಲ್ಲರಿಗಿಂತ ಚೆನ್ನಾಗಿ ನಕ್ಕರು.

"ಅದು ಸ್ಥಿರತೆ ಅಣ್ಣಾ. ಸ್ಥಿರತೆಯೇ ನಮ್ಮ ಶಕ್ತಿ."

"ಹಣ ಎಲ್ಲಿಟ್ಟಿದೀರಿ?"

"ಬಹುಪಾಲು ಒಂದು ಕಟ್ಟಡದಲ್ಲಿದೆ. ಊರಾಚೆ ಹೊಸ ಬಡಾವಣೆಯಲ್ಲಿ ವಾಣಿಜ್ಯ ಸಂಕೀರ್ಣ. ಬಾಡಿಗೆ ತಪ್ಪದೆ ಬರ್ತಿದೆ."

ಸಭೆಯ ನಡಾವಳಿ ಪುಸ್ತಕದಲ್ಲಿ ಆ ದಿನದ ಚರ್ಚೆ ಹೀಗೆ ದಾಖಲಾಯಿತು: 'ಹೊಸ ಸದಸ್ಯರು ವರದಿಯನ್ನು ಆಸಕ್ತಿಯಿಂದ ಮೆಚ್ಚಿದರು.'

ಬಾಯ್ಲರಣ್ಣನಿಗೆ ವಾರವಿಡೀ ಮುಳ್ಳಿನದೇ ಯೋಚನೆ. ಮುಂದಿನ ರಜೆಯ ದಿನ ಹೆಂಡತಿಯನ್ನು ಕರೆದುಕೊಂಡು, ಎರಡು ಬಸ್ಸು ಬದಲಾಯಿಸಿ, ಆ ಕಟ್ಟಡ ನೋಡಲು ಹೊರಟ. "ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದು ಬಿಲ್ಡಿಂಗ್ ತೋರಿಸ್ತೀನಿ ಅಂತ ಕರ್ಕೊಂಡು ಹೊರಟ್ರಲ್ಲ, ಅದೇ ಭಾಗ್ಯ," ಎಂದಳು ಅವಳು, ಬಲಗಿವಿಗೆ.

ಕಟ್ಟಡವೇನೋ ಇತ್ತು. ಐದಂತಸ್ತು, ಮುಂಭಾಗಕ್ಕೆಲ್ಲ ನೀಲಿ ಗಾಜು. ಗೇಟಿಗೆ ಸರಪಳಿ ಸುತ್ತಿತ್ತು. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಎರಡು ಸೈಜು ದೊಡ್ಡದಾದ ಸಮವಸ್ತ್ರದೊಳಗೆ ಕಾವಲುಗಾರನೊಬ್ಬ ಮುದುಡಿ ಕೂತಿದ್ದ. ಹತ್ತಿರ ಹೋಗಿ ನೋಡಿದರೆ ಕಟಿಂಗ್ ಮೇಸ್ತ್ರಿ. ಇವರದೇ ಕಾರ್ಖಾನೆಯಲ್ಲಿ ಕಾಗದ ಕತ್ತರಿಸುವ ಯಂತ್ರದ ಮೇಲೆ ಮೂವತ್ತು ವರ್ಷ ದುಡಿದು, ಮೂರು ವರ್ಷದ ಹಿಂದೆ ನಿವೃತ್ತನಾದವನು.

"ನೀನೇನಯ್ಯ ಇಲ್ಲಿ?" ಎಂದ ಬಾಯ್ಲರಣ್ಣ.

"ಪಿಂಚಣಿ ಒಂದು ತಿಂಗಳು ಬಂದ್ರೆ ಎರಡು ತಿಂಗಳು ಬರಲ್ಲ," ಎಂದ ಮೇಸ್ತ್ರಿ. "ಕೇಳಕ್ಕೆ ಹೋದೆ. ಪಾಪ, ಮ್ಯಾನೇಜರ್ ಒಳ್ಳೇ ಮನುಷ್ಯ. ಪಿಂಚಣಿ ಬರೋವರೆಗೂ ಇದನ್ನ ಕಾಯ್ತಾ ಇರು ಅಂತ ಈ ಕೆಲಸ ಕೊಡ್ಸಿದ್ರು."

"ಯಾರ ಬಿಲ್ಡಿಂಗು ಇದು ಗೊತ್ತಾ?"

"ಯಾವನೋ ದುಡ್ಡಿದ್ದೋನ್ದು."

"ನಿಂದು ಕಣಯ್ಯಾ. ನಿಂದು, ನಂದು. ನಮ್ಮ ಪಿಂಚಣಿ ಇದು."

ಮೇಸ್ತ್ರಿ ಕತ್ತೆತ್ತಿ ಐದಂತಸ್ತನ್ನೂ ಒಂದೊಂದಾಗಿ ನೋಡಿದ. ಆಮೇಲೆ ಎದ್ದು ಸರಪಳಿ ಬಿಚ್ಚಿದ.

ಒಳಗೆ ಪಾರಿವಾಳಗಳಿದ್ದವು. ಅಂತಸ್ತಿಗೆ ಇಪ್ಪತ್ತು ಅಂಗಡಿಯ ಜಾಗ, ಒಂದರಲ್ಲೂ ಅಂಗಡಿಯಿಲ್ಲ. ಲಿಫ್ಟ್ ಇರಬೇಕಾದ ಗುಂಡಿಗೆ ಹಲಗೆ ಅಡ್ಡ ಹೊಡೆದಿತ್ತು. ಮೊದಲ ಅಂತಸ್ತಿನ ಮೂಲೆಯಲ್ಲಿ ಮಾತ್ರ ಬೀಗ ಹಾಕಿದ ಒಂದು ಕೋಣೆ, ಅದಕ್ಕೊಂದು ಬೋರ್ಡು: ಪಿಂಚಣಿ ನಿಧಿ, ಶಾಖಾ ಕಚೇರಿ.

"ಬಾಡಿಗೆಗೆ ಇರೋದು ಇವರೊಬ್ರೇ," ಎಂದ ಮೇಸ್ತ್ರಿ. "ಯಾರೂ ಬರಲ್ಲ, ಹೋಗಲ್ಲ. ಆದ್ರೆ ಬಾಡಿಗೆ ಮಾತ್ರ ಕಟ್ತಾರಂತೆ, ಒಂದನೇ ತಾರೀಕಿಗೆ ಕರೆಕ್ಟಾಗಿ. ಸುತ್ತಮುತ್ತಲ ಬಿಲ್ಡಿಂಗಿನ ಬಾಡಿಗೆಗಿಂತ ನಾಲ್ಕು ಪಟ್ಟು ಅಂತೆ."

ತಪ್ಪದೆ ಬರುತ್ತಿದ್ದ ಬಾಡಿಗೆ ಯಾವುದೆಂದು ಬಾಯ್ಲರಣ್ಣನಿಗೆ ಆಗ ತಿಳಿಯಿತು. ನಿಧಿ ತನ್ನ ಬಲಜೇಬಿನಿಂದ ತೆಗೆದು ಎಡಜೇಬಿಗೆ ಹಾಕಿಕೊಂಡು, ಎಂಟು ಪರ್ಸೆಂಟ್ ಬೆಳೆದೆನೆಂದು ಹಿಗ್ಗುತ್ತಿತ್ತು.

ವಾಪಸು ಬರುವ ಬಸ್ಸಿನಲ್ಲಿ ಅವನ ಹೆಂಡತಿ ಕಿಟಕಿಯ ಪಕ್ಕ ಕೂತಿದ್ದಳು. ಅವಳು ಅವನ ಎಡಗಿವಿಯ ಕಡೆ ತಿರುಗಿ ಮೆಲ್ಲಗೆ, "ನಂಗೆ ಭಯ ಆಗ್ತಿದೆ," ಎಂದಳು. ಅಷ್ಟು ವರ್ಷದಲ್ಲಿ ಆ ಕಿವಿಗೆ ಸ್ಪಷ್ಟವಾಗಿ ಕೇಳಿಸಿದ್ದು ಅದೊಂದೇ ಮಾತು. ಅವನು ಕೇಳಿಸದವನಂತೆ ಕೂತ.

ಮಾರನೆಯ ದಿನ ವಿಷಯ ತಿಳಿದ ಅಧ್ಯಕ್ಷರು ಅವನನ್ನು ಯೂನಿಯನ್ ಕೋಣೆಗೆ ಕರೆದು ಕದ ಹಾಕಿದರು.

"ಇದು ಸೂಕ್ಷ್ಮ ವಿಚಾರ. ಸ್ವಲ್ಪ ಮೆಲ್ಲಗೆ ಮಾತಾಡು."

"ಮೆಲ್ಲಗೇ ಮಾತಾಡ್ತಿದೀನಿ," ಎಂದ ಬಾಯ್ಲರಣ್ಣ. ಹೊರಗೆ ಲಾರಿಗೆ ಬಂಡಲ್ ಹೇರುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಇಡೀ ಕಾರ್ಖಾನೆಗೆ ಆ ಸೂಕ್ಷ್ಮ ವಿಚಾರ ಗೊತ್ತಾಗಿತ್ತು.

ಸಭೆ ಕ್ಯಾಂಟೀನಿನಲ್ಲಿ ಸೇರಿತು. ಈ ಸಲ ಗೈರುಹಾಜರಾದವರು ಯಾರೂ ಇಲ್ಲ. ಜನ ತಟ್ಟೆ ಇಡುವ ಕಲ್ಲಿನ ಮೇಲೂ ಹತ್ತಿ ಕೂತಿದ್ದರು. ಬಾಯ್ಲರಣ್ಣ ಕಂಡದ್ದನ್ನು ಕಂಡಂತೆ ಹೇಳಿದ. ಅವನಿಗೆ ಮೈಕ್ ಬೇಕಾಗಲಿಲ್ಲ. ನಂಬದವರೂ ಇದ್ದರು. "ನಿವೃತ್ತಿ ಹತ್ರ ಬಂತಲ್ಲ, ಮುಖಂಡ ಆಗಕ್ಕೆ ಹೊರಟಿದಾನೆ," ಎಂದು ಹಿಂದಿನ ಬೆಂಚಿನಿಂದ ಯಾರೋ ಕುಟುಕಿದರು. ಆಗ ಮೇಸ್ತ್ರಿ ಎದ್ದು ನಿಂತ. ಕಾವಲಿನ ಪಾಳಿಯಿಂದ ನೇರವಾಗಿ ಬಂದವನು, ಅದೇ ದೊಗಳೆ ಸಮವಸ್ತ್ರದಲ್ಲಿದ್ದ.

"ನಾನು ಭಾಷಣ ಮಾಡೋನಲ್ಲ," ಎಂದ. "ನನ್ನ ನೋಡಿ. ನಿವೃತ್ತಿ ಆದ್ಮೇಲೆ ನೀವೂ ಹೀಗೇ ಕಾಣ್ತೀರಿ."

ಮುಂದಿನ ಹತ್ತು ನಿಮಿಷದಲ್ಲಿ ಅಧ್ಯಕ್ಷರಿಗೆ ಜ್ಞಾನೋದಯವಾಯಿತು. ಈ ಅನ್ಯಾಯವನ್ನು ತಾವು ಬಹಳ ದಿನದಿಂದ ಗಮನಿಸುತ್ತಿದ್ದುದಾಗಿ ಸಾರಿ, ಹೋರಾಟದ ನೇತೃತ್ವವನ್ನು ಅಲ್ಲೇ, ಯಾರೂ ಕೊಡದೆಯೇ, ವಹಿಸಿಕೊಂಡರು.

ಮೊದಲು ಪತ್ರ ಬರೆದರು. ಕಂಪನಿಯಿಂದ 'ಪರಿಶೀಲಿಸಲಾಗುವುದು' ಎಂಬ ಉತ್ತರ ಬಂತು. ಮತ್ತೆ ಬರೆದಾಗ 'ಪರಿಶೀಲಿಸಲಾಗುತ್ತಿದೆ' ಎಂಬ ಉತ್ತರ ಬಂತು. ಇಷ್ಟು ಪ್ರಗತಿ ಸಾಲದೆಂದು ಮೂರನೆಯ ಸಲ ಕಾರ್ಮಿಕರು ಕೆಲಸ ನಿಲ್ಲಿಸಿದರು. ಬಾಯ್ಲರ್ ಅಂದರೆ ಗುಂಡಿ ಒತ್ತಿ ಆರಿಸುವ ದೀಪವಲ್ಲ. ಬಾಯ್ಲರಣ್ಣ ಒಂದು ಹಗಲು ಪೂರ್ತಿ ಪಕ್ಕದಲ್ಲೇ ನಿಂತು, ಒತ್ತಡವನ್ನು ಹಂತ ಹಂತವಾಗಿ ಇಳಿಸಿ, ಗಂಟೆಗೊಮ್ಮೆ ಪುಸ್ತಕದಲ್ಲಿ ಬರೆದಿಟ್ಟ. ಮುಷ್ಕರದಲ್ಲೂ ಅವನ ಕೆಲಸದಲ್ಲಿ ಒಂದು ತಪ್ಪು ಹುಡುಕುವಂತಿರಲಿಲ್ಲ.

ಕಾರ್ಖಾನೆಯ ದೊಡ್ಡ ಸಾಹೇಬರು ಬಾಯ್ಲರ್ ಮನೆಗೆ ಕಾಲಿಟ್ಟದ್ದು ಅದೇ ಮೊದಲು.

"ಯಾಕಯ್ಯಾ ಇದು ತಣ್ಣಗಾಗ್ತಿದೆ?"

"ಬೆಂಕಿ ಹಾಕ್ತಿಲ್ಲ ಸಾರ್, ಅದಕ್ಕೆ."

ಯಂತ್ರಗಳು ನಾಲ್ಕು ದಿನ ನಿಂತವು. ನಾಲ್ಕನೆಯ ದಿನ ನಿಧಿಯ ಲೆಕ್ಕದ ಪುಸ್ತಕ ತೆರೆಸಿದಾಗ ಗೊತ್ತಾದ ಇನ್ನೊಂದು ಸಂಗತಿಯೆಂದರೆ, ಕಂಪನಿ ತನ್ನ ಪಾಲನ್ನು ಹತ್ತೊಂಬತ್ತು ತಿಂಗಳಿಂದ ನಿಧಿಗೆ ಕಟ್ಟಿಯೇ ಇರಲಿಲ್ಲ. ಕಾರ್ಮಿಕರ ಸಂಬಳದಲ್ಲಿ ಹಿಡಿಯುವುದನ್ನು ಮಾತ್ರ ಒಂದು ತಿಂಗಳೂ ಮರೆತಿರಲಿಲ್ಲ. ಮರೆವಿಗೂ ಒಂದು ಶಿಸ್ತು ಇತ್ತು.

ಕೊನೆಗೆ ಒಪ್ಪಂದವಾಯಿತು. ಕಂಪನಿ ಬಾಕಿಯನ್ನು ಕಂತಿನಲ್ಲಿ ಕಟ್ಟಬೇಕು, ಕಟ್ಟಡವನ್ನು ಸಿಕ್ಕ ಬೆಲೆಗೆ ಮಾರಬೇಕು, ಕಾರ್ಮಿಕರ ಕಡೆಯಿಂದ ಒಬ್ಬನ ಬದಲು ಮೂವರು ಟ್ರಸ್ಟಿಗಳಿರಬೇಕು. ಆದರೂ ಹೋದದ್ದು ಪೂರ್ತಿ ಹಿಂದೆ ಬರಲಿಲ್ಲ. ಎಲ್ಲರ ಪಿಂಚಣಿಯಲ್ಲೂ ಐದರಲ್ಲೊಂದು ಪಾಲು ಕಡಿತವಾಯಿತು. ಮ್ಯಾನೇಜರ್ ಆರೋಗ್ಯದ ಕಾರಣದಿಂದ ರಾಜೀನಾಮೆ ಕೊಟ್ಟರು. ಅವರ ಆರೋಗ್ಯ ಎಷ್ಟು ಕೆಟ್ಟಿತ್ತೆಂದರೆ, ಮುಂದಿನ ತಿಂಗಳೇ ಇನ್ನೊಂದು ಊರಿನ ಇನ್ನೊಂದು ನಿಧಿಯಲ್ಲಿ ಕೆಲಸಕ್ಕೆ ಸೇರಿದರು. ಪತ್ರಿಕೆಯಲ್ಲಿ ಅಧ್ಯಕ್ಷರ ಫೋಟೋ ಬಂತು. ಬಾಯ್ಲರಣ್ಣನೂ ಅದರಲ್ಲಿದ್ದ: ಅಧ್ಯಕ್ಷರ ಭುಜದ ಹಿಂದೆ ಅರ್ಧ ಕಿವಿ.

ಅವನು ಹೇಳಿದ ದಿನಕ್ಕೆ ನಿವೃತ್ತನಾದ. ಬಾಯ್ಲರ್ ಮನೆಯ ಬೀಗದಕೈ ಒಪ್ಪಿಸಿ ಮನೆಗೆ ಬಂದ. ಗೆದ್ದೆವೆಂದು ಜನ ಹೇಳುತ್ತಿದ್ದರು. ಅವನಿಗೆ ಹಾಗನ್ನಿಸುತ್ತಿರಲಿಲ್ಲ, ತಮ್ಮದನ್ನೇ ತಾವು ಬೇಡಿ, ಅದರಲ್ಲೂ ಒಂದು ಪಾಲು ಬಿಟ್ಟುಕೊಟ್ಟು ಬಂದಂತಿತ್ತು. ಹೆಂಡತಿ ಅದನ್ನು ಅರಿತವಳಂತೆ ಅವನ ಗೊಡವೆಗೆ ಹೋಗಲಿಲ್ಲ. ಮೊದಲ ಪಿಂಚಣಿ ಆರು ದಿನ ತಡವಾಗಿ ಬಂತು. ಆ ಆರು ದಿನ ಅವರಿಬ್ಬರೂ ಒಬ್ಬರಿಗೊಬ್ಬರು ಕಾಣದಂತೆ ಬ್ಯಾಂಕಿಗೆ ಹೋಗಿ ನೋಡಿ ಬರುತ್ತಿದ್ದರೆಂದು ಆಮೇಲೆ ಗೊತ್ತಾಯಿತು.

ಕೆಲವು ವಾರಗಳಾದ ಮೇಲೆ ಒಂದು ಬೆಳಗ್ಗೆ ಕಟಿಂಗ್ ಮೇಸ್ತ್ರಿ ಮನೆಗೆ ಬಂದ. ಮೈಮೇಲೆ ಸಮವಸ್ತ್ರ ಇರಲಿಲ್ಲ. ಕುರ್ಚಿ ಎಳೆದುಕೊಂಡು ಕೂತವನೇ ಶುರು ಮಾಡಿದ.

"ನಿನ್ನಿಂದ ನನ್ನ ಕೆಲಸ ಹೋಯ್ತು. ಬಿಲ್ಡಿಂಗ್ ಕೊಂಡ್ಕೊಂಡೋರು ಅವರದೇ ಕಾವಲಿನವರನ್ನ ತಂದ್ರು. ನನ್ನ ಕುರ್ಚೀನೂ ಬಿಡ್ಲಿಲ್ಲ."

"ಪಿಂಚಣಿ?"

"ಬಂತು. ಹಳೇ ಬಾಕಿ ಸೇರಿಸಿ."

"ಮತ್ತೆ ಬಯ್ಯಕ್ಕೆ ಯಾಕೆ ಬಂದೆ?"

"ಕೈಯಲ್ಲಿ ಬಸ್ ಚಾರ್ಜ್ ಇತ್ತಲ್ಲ, ಬಂದೆ," ಎಂದ ಮೇಸ್ತ್ರಿ.

ಬಾಯ್ಲರಣ್ಣನ ಹೆಂಡತಿ ಒಳಗಿನಿಂದಲೇ ನಕ್ಕು ಮೂರು ಲೋಟ ಚಹಾ ತಂದಳು. ಮೇಸ್ತ್ರಿ ಊಟದ ಹೊತ್ತಿನವರೆಗೂ ಕೂತು, ಬಯ್ಯಬೇಕಾದವರನ್ನೆಲ್ಲ ಹೆಸರು ಹಿಡಿದು ಬಯ್ದು, ಊಟ ಮಾಡಿಕೊಂಡೇ ಹೋದ.