ರಟ್ಟಿನ ಮೇಲೆ ಬಂದ ದರ್ಶನ

ಹೋದ ವಾರ ಮನೆಗೆ ಹೊಸ ಫ್ರಿಜ್ ಬಂತು. ತಂದವರು ಖಾಲಿ ರಟ್ಟಿನ ಪೆಟ್ಟಿಗೆಯನ್ನು ಅಂಗಳದಲ್ಲೇ ಬಿಟ್ಟು ಹೋದರು. ಬಿಸಿಲಿಗೆ ಕಾದ ರಟ್ಟಿಗೆ ಒಂದು ವಾಸನೆ ಉಂಟಲ್ಲ, ಅಂಟು, ಧೂಳು, ಎಲ್ಲಿಯೋ ದೂರದ ಗೋದಾಮು... ಅದು ಮೂಗಿಗೆ ಬಡಿದದ್ದೇ ತಡ, ಮಣ್ಣಗುಡ್ಡದ ನಮ್ಮ ಹಳೆಯ ಮನೆಯ ಕಂಪೌಂಡು ಗೋಡೆ, ಅದರಾಚೆ ರಟ್ಟು ಹಾಸಿಕೊಂಡು ಕುಣಿಯುತ್ತಿದ್ದ ಆಚೆಮನೆಯವರು ಕಣ್ಣ ಮುಂದೆ ಬಂದರು.

ಕುಣಿಯುತ್ತಿದ್ದರು ಎಂದು ಈಗ ಹೇಳ್ತೇನೆ. ಆಗ ಅದನ್ನು ಎಂತ ಕರೆಯಬೇಕು ಎಂಬುದೇ ದೊಡ್ಡ ತಕರಾರು.

ಎಂಬತ್ತರ ದಶಕದ ನಡುವಿನ ಮಾತು. ಆಚೆಮನೆಯವರು ಎಂದರೆ ಆ ಮನೆಯ ಮಗ, ಬಹರೈನಿನ ಹೋಟೆಲೊಂದರ ಲಾಂಡ್ರಿಯಲ್ಲಿ ಕೆಲಸಕ್ಕಿದ್ದರು. ಬಜಪೆಯಲ್ಲಿ ವಿಮಾನ ಇಳಿದು, ಟ್ಯಾಕ್ಸಿಯ ತಲೆಯ ಮೇಲೆ ಪೆಟ್ಟಿಗೆ ಹೇರಿಸಿಕೊಂಡು ರಜೆಗೆ ಬಂದಾಗ ಇಡೀ ಓಣಿ ಗೇಟಿಗೆ ಬಂದು ನಿಂತಿತ್ತು. ಗಲ್ಫಿನಿಂದ ಬಂದವರೆಂದರೆ ಸೆಂಟು, ಸಫಾರಿ ಸೂಟು. ಇವರದ್ದು ಬೇರೆಯೇ ಅವತಾರ. ಬಿಳಿ ಗೆರೆಯ ಕೆಂಪು ಟ್ರ್ಯಾಕ್‌ಸೂಟು, ದೋಣಿಯಂಥ ಬೂಟು, ಅದರ ಲೇಸೂ ಕಟ್ಟಿಲ್ಲ, ತಲೆಯಲ್ಲಿ ಓರೆ ಟೊಪ್ಪಿ. ನನಗೆ ಮೊದಲ ದಿನವೇ ಸಂಶಯ. ನಾನು ಹುಟ್ಟಿದ್ದೇ ಹಾಗೆ, ಹಾಲಿಗೆ ನೀರು ಬಿದ್ದಿದೆಯಾ ಎಂದು ನೋಡದೆ ಲೋಟ ಬಾಯಿಗಿಟ್ಟವಳಲ್ಲ.

ಕಾರಣವೂ ಇತ್ತು. ಅಕ್ಕನನ್ನು ಅವರಿಗೆ ಕೊಡುವುದೆಂದು ಎರಡೂ ಮನೆಯವರು ಬಾಯಿಮಾತಿನಲ್ಲಿ ಒಪ್ಪಿಯಾಗಿತ್ತು. ಆ ರಜೆಯಲ್ಲೇ ನಿಶ್ಚಯ ಆಗಬೇಕಿತ್ತು.

ಸಂಜೆಯಾದರೆ ಅವರು ತಾವು ತಂದ ಟಿವಿಯ ರಟ್ಟು ಬಿಡಿಸಿ ಅಂಗಳದಲ್ಲಿ ಹಾಸಿ, ಪಕ್ಕದಲ್ಲಿ ಎರಡು ಸ್ಪೀಕರಿನ ಟೇಪ್‌ರೆಕಾರ್ಡರ್ ಇಡುತ್ತಿದ್ದರು. ಅದರಲ್ಲಿ ರಾಗ ಇಲ್ಲ, ಬರೇ ಡೋಲಿನ ಪೆಟ್ಟು, ಮೇಲಿಂದ ಯಾರೋ ಜಗಳಕ್ಕೆ ನಿಂತ ಹಾಗೆ ಮಾತು. ನಮ್ಮಲ್ಲಿ ಅಮ್ಮನ ಅಣ್ಣನ ಮಾತೇ ಕೊನೆ. ಆ ದೊಡ್ಡ ಮಾವ ಒಂದು ದಿನ ಹೋಗಿ ವಿಚಾರಿಸಿದರು. ಇವರು ಖುಷಿಯಿಂದ ವಿವರಿಸಿದ್ದೇ ವಿವರಿಸಿದ್ದು. ಈ ಕುಣಿತ ನ್ಯೂಯಾರ್ಕಿನ ಬಡವರ ಕೇರಿಯಲ್ಲಿ ಹುಟ್ಟಿದ್ದಂತೆ. ಬೀದಿದೀಪದ ಕಂಬದಿಂದ ಕರೆಂಟು ಎಳೆದು, ಎರಡು ರೆಕಾರ್ಡ್ ತಿರುಗಿಸಿ, ಹಾಡಿನಲ್ಲಿ ಡೋಲು ಮಾತ್ರ ಬರುವ ತುಂಡನ್ನೇ ಮತ್ತೆ ಮತ್ತೆ ಹಾಕುತ್ತಾರಂತೆ. ಕತ್ತಿ ಹಿಡಿಯುತ್ತಿದ್ದ ಹುಡುಗರು ರಟ್ಟು ಹಾಸಿ, ಕುಣಿದು ಸೋಲುಗೆಲುವು ತೀರ್ಮಾನ ಮಾಡುತ್ತಾರಂತೆ. ಬಹರೈನಿಗೆ ಬರುವ ಅಮೇರಿಕದ ಹಡಗಿನ ಹುಡುಗರು ಇವರಿಗೆ ಕಲಿಸಿದ್ದಂತೆ. ಮಾವನ ಕಿವಿಗೆ ಹೊಕ್ಕದ್ದು ಎರಡೇ, ಕಳ್ಳ ಕರೆಂಟು ಮತ್ತು ಕತ್ತಿ. ಲಾಂಡ್ರಿ ಎಂದು ಹೇಳಿ ಇವ ಅಲ್ಲಿ ಬೇರೆ ಎಂತದೋ ಮಾಡ್ತಾನೆ ಎಂದು ಮನೆಗೆ ಬಂದು ಹೇಳಿದರು. ನನಗೂ ಹಾಗೆಯೇ ಅನಿಸಿತು.

ಅಷ್ಟರಲ್ಲಿ ಒಂದು ಸಂಜೆ ಕರೆಂಟು ಹೋಯಿತು. ಅಮ್ಮ ಪತ್ರೊಡೆ ಕೊಡಲೆಂದು ಆಚೆಮನೆಗೆ ಹೋದರು, ಬಾಲದ ಹಾಗೆ ಹಿಂದೆ ನಾನು. ನೋಡಿದರೆ, ಒಂದೂ ಸದ್ದಿಲ್ಲದ ಅಂಗಳದಲ್ಲಿ ಅವರು ಕಣ್ಣು ಮುಚ್ಚಿ ನಡುಗುತ್ತಿದ್ದಾರೆ! ನಡುಕ ಬೆರಳಿನಿಂದ ಹೊರಟು ಭುಜಕ್ಕೆ ಏರಿತು, ಎದೆ ದಾಟಿ ಇನ್ನೊಂದು ಕೈಗೆ ಇಳಿಯಿತು. ಸೊಂಟದಲ್ಲಿ ಸಣ್ಣ ಟೇಪು, ಕಿವಿಯಲ್ಲಿ ಅದರ ವಯರು, ಇದೆಲ್ಲ ಆ ಮಬ್ಬಿನಲ್ಲಿ ಯಾರಿಗೆ ಕಂಡೀತು? ಅಮ್ಮ ತಟ್ಟೆ ಕೆಳಗಿಟ್ಟು ಕೈಮುಗಿದರು. “ಸ್ವಾಮೀ, ನಮ್ಮಿಂದ ಎಂತ ತಪ್ಪಾಗಿದೆ?” ಎಂದು ಕೇಳಿದರು. ಅವರು ಕೇಳಿಸಿಕೊಳ್ಳದೆ ಥಟ್ಟನೆ ಕಲ್ಲಿನ ಹಾಗೆ ನಿಂತುಬಿಟ್ಟರು.

ಮರುದಿನಕ್ಕೆ ಓಣಿಯೆಲ್ಲ ಒಂದೇ ಮಾತು, ದರ್ಶನ ಬಂದದ್ದು, ದೈವ ಮೈಮೇಲೆ ಇಳಿದದ್ದು. ಅವರ ಕುಟುಂಬದ ಮನೆಯಲ್ಲಿ ದೈವಕ್ಕೆ ಎಷ್ಟೋ ವರ್ಷಗಳಿಂದ ಕೋಲದ ಸೇವೆ ಆಗಿರಲಿಲ್ಲ, ಅದಕ್ಕೇ ಹೀಗೆ. ದೊಡ್ಡ ಮಾವನ ಮುಖ ಅರಳಿತು ಮಾರಾಯ್ರೆ. ದೈವವಾದರೆ ಕೋಲ ಕೊಟ್ಟು ಸರಿ ಮಾಡಬಹುದು, ಮರ್ಯಾದೆಯ ವಿಷಯ. ಬರೇ ಕುಣಿತವಾದರೆ ಪೋಕರಿಗೆ ಹೆಣ್ಣಿಲ್ಲ.

ಆದಿತ್ಯವಾರ ಬೆಳಿಗ್ಗೆ ನಮ್ಮ ಚಾವಡಿಯಲ್ಲಿ ಹಿರಿಯರೆಲ್ಲ ಕೂತರು. ಅವರ ತಾಯಿ ಬರುವ ದಾರಿಯಲ್ಲೇ ಮಗನ ಕೈ ಹಿಡಿದು ಬೇಡಿಕೊಂಡಿದ್ದರಂತೆ, ದೈವವೆಂದು ಒಂದು ಮಾತು ಹೇಳು ಮಗಾ ಎಂದು. ಅಕ್ಕ ಬಾಗಿಲ ಹಿಂದೆ ನಿಂತಿದ್ದಳು. ಮಾವ ನೇರ ಕೇಳಿದರು, ಅದು ದೈವವಾ, ಕುಣಿತವಾ?

ಅವರು ಒಮ್ಮೆ ಬಾಗಿಲ ಕಡೆ ನೋಡಿದರು. “ಅದು ಡ್ಯಾನ್ಸ್, ಮಾವ. ದೈವದ ಹೆಸರಿನಲ್ಲಿ ಸುಳ್ಳು ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ.”

ಅಲ್ಲಿಗೆ ಮುಗಿಯಿತು. ರಜೆ ಮುಗಿಯುವ ಮೊದಲೇ ಅವರು ಹೊರಟುಹೋದರು. ಎಲ್ಲರೂ ಹುಡುಗ ಕೆಟ್ಟವನು ಎಂದರು, ನಾನು ಮಾತ್ರ ಬೇರೆ ಲೆಕ್ಕ ಹಾಕಿದೆ. ಒಂದೇ ಒಂದು ಮಾತಿನಲ್ಲಿ ಹುಡುಗಿ ಸಿಗುವಾಗ ಆ ಮಾತು ಹೇಳದವ ಯಾವನು? ಅವನಿಗೇ ಅಕ್ಕ ಬೇಡವಾಗಿದ್ದಳು. ಬಹರೈನಿನಲ್ಲಿ ಯಾರೋ ಇದ್ದಾಳೆ, ಸತ್ಯದ ಹೆಸರು ಹೇಳಿ ತಪ್ಪಿಸಿಕೊಂಡ... ಆ ಕೋಪ ನನಗೆ ಎಷ್ಟು ವರ್ಷವಾದರೂ ಇಳಿಯಲಿಲ್ಲ. ಅಕ್ಕ ಬೋಳಾರಕ್ಕೆ ಮದುವೆಯಾಗಿ ಹೋದಳು, ಒಳ್ಳೆಯ ಭಾವನೇ ಸಿಕ್ಕಿದರು, ಆ ಮಾತು ಮತ್ತೆ ಎತ್ತಲಿಲ್ಲ.

ಈ ಮಳೆಗಾಲದಲ್ಲಿ ಸುದ್ದಿ ಬಂತು, ಅವರು ಬಹರೈನಿನಲ್ಲೇ ತೀರಿಹೋದರೆಂದು. ಮದುವೆಯೇ ಆಗಿರಲಿಲ್ಲವಂತೆ.

ನಿನ್ನೆ ಅಕ್ಕ ಫ್ರಿಜ್ ನೋಡಲು ಬಂದವಳು ಅಂಗಳದಲ್ಲಿ ಆ ರಟ್ಟಿನ ಮುಂದೆ ನಿಂತುಬಿಟ್ಟಳು. ನನಗೆ ತಡೆಯಲಾಗಲಿಲ್ಲ. ಅವ ನಿನ್ನನ್ನು ಬೇಡವೆಂದೇ ಹಾಗೆ ಹೇಳಿದ್ದಲ್ಲವಾ ಎಂದು ಕೇಳಿಯೇಬಿಟ್ಟೆ.

“ಹಿಂದಿನ ದಿನ ಗೋಡೆಯ ಹತ್ತಿರ ಬಂದಿದ್ದರು, ದೈವವೆಂದೇ ಹೇಳಿಬಿಡ್ತೇನೆ ಎಂದರು. ಬೇಡ ಎಂದವಳು ನಾನು. ದೈವದ ಮೇಲೆ ಸುಳ್ಳು ಹೇಳಿ ಸಂಸಾರ ಹೂಡಿದರೆ ಉಳಿಯಲಿಕ್ಕುಂಟಾ?”

ಓಣಿಯನ್ನೆಲ್ಲ ಸಂಶಯದಲ್ಲಿ ನೋಡಿದವಳು ನಾನು, ಒಂದೇ ಚಾಪೆಯಲ್ಲಿ ಮಲಗುತ್ತಿದ್ದ ಅಕ್ಕನ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ.

ಅಕ್ಕ ಚಪ್ಪಲಿ ಕಳಚಿ ರಟ್ಟಿನ ಮೇಲೆ ನಿಂತಳು. ಮೊಣಕಾಲು ನೋವಿನ ಮುದುಕಿ. ಬಲಗೈ ಚಾಚಿದಳು. ಬೆರಳ ತುದಿಯಲ್ಲಿ ಸಣ್ಣ ನಡುಕ ಎದ್ದಿತು, ಮೊಣಕೈಗೆ ಬಂತು, ಭುಜಕ್ಕೆ ಏರಿತು, ಎದೆ ದಾಟಿ ಎಡಗೈಯ ಬೆರಳಿಗೆ ಇಳಿದು ನಿಂತಿತು. ಒಂದಿಷ್ಟೂ ತಪ್ಪದೆ.

ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಈ ರಟ್ಟು ಗುಜರಿಗೆ ಹಾಕಬೇಡ ಎಂದಳು.